ನೆಲದ ತಪ್ಪಿಲ್ಲದೆ ಬೀಳುವುದು

ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಇಂದಿರಾನಗರದ ಒಂದು ಮನೆಯ ಮಹಡಿಯ ಮೇಲೆ ನಡೆಯುತ್ತಿದ್ದ ಆಫೀಸಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂರುತ್ತಿದ್ದೆವು. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಸಂಗತಿಯನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸುವರು. ನಾವು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಾಲಡಿಯ ಪೆಡಲ್ ಒತ್ತಿ ಆ ದನಿಯನ್ನು ಓಡಿಸುತ್ತ, ನಿಲ್ಲಿಸುತ್ತ, ಹಿಂದಕ್ಕೆ ಎಳೆಯುತ್ತ ಟೈಪ್ ಮಾಡುವುದು. ಅಷ್ಟೇ ಕೆಲಸ. ಹೊಲಿಗೆ ಮಿಷನ್ ತುಳಿದ ಹಾಗೆ ದಿನವಿಡೀ ಪೆಡಲ್ ತುಳಿದು ಸಂಜೆ ಹೊತ್ತಿಗೆ ನನ್ನ ಮೀನಖಂಡ ಬಿಗಿದುಕೊಳ್ಳುತ್ತಿತ್ತು. ಅವಳಿಗೆ ಹಾಗೇನೂ ಆಗುತ್ತಿರಲಿಲ್ಲ.

ಅವಳು ಶಿವಾಜಿನಗರದವಳು. ಮನೆಯಲ್ಲಿ ದಖ್ಖನಿ ಮಾತು, ಓದಿದ್ದು ಕಾನ್ವೆಂಟು. ಕೆಳಗಿನ ಗೇಟಿನವರೆಗೆ ಬುರ್ಖಾ ತೊಟ್ಟು ಬಂದು, ಮೆಟ್ಟಿಲ ತಿರುವಿನಲ್ಲಿ ಅದನ್ನು ಬಿಚ್ಚಿ ಮಡಿಸಿ ಚೀಲದಲ್ಲಿಟ್ಟುಕೊಂಡು ಮೇಲೆ ಬರುತ್ತಿದ್ದಳು. ಬಂದವಳ ಚೂಡಿದಾರದಲ್ಲಿ ಒಂದು ಸುಕ್ಕೂ ಇರುತ್ತಿರಲಿಲ್ಲ. ಕೆ.ಆರ್. ಪುರದಿಂದ ಎರಡು ಬಸ್ಸು ಹತ್ತಿಳಿದು ಬರುವ ಹೊತ್ತಿಗೆ ನಾನು ಹಿಂಡಿ ಹಾಕಿದ ಬಟ್ಟೆಯಾಗಿರುತ್ತಿದ್ದೆ. ಇಂಗ್ಲಿಷಂತೂ ಬಿಡಿ, ಬಸ್ ಕಂಡಕ್ಟರನ ಹತ್ತಿರ ಜಗಳವಾಡುವಾಗ ಅವಳ ಕನ್ನಡವೂ ನನ್ನದಕ್ಕಿಂತ ಹರಿತವಾಗಿರುತ್ತಿತ್ತು. ಹಾವೇರಿ ಕಡೆಯಿಂದ ಬಂದ ನಾನು ಬಾಯಿ ತೆಗೆದರೆ ಈ ಊರಿನವರು ನಗುತ್ತಿದ್ದರು. ಅವಳು ಬಾಯಿ ತೆಗೆದರೆ ದಾರಿ ಬಿಡುತ್ತಿದ್ದರು. ನನಗೆ ಹೊಟ್ಟೆ ಉರಿಯದೆ ಇನ್ನೇನಾದೀತು?

ಇದೆಲ್ಲ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಆ ವರ್ಷ ಆಫೀಸಿನಲ್ಲಿ ಎಡಿಟರ್ ಎಂಬ ಒಂದು ಜಾಗ ಖಾಲಿಯಾಯಿತು. ಮಿಕ್ಕವರು ಟೈಪ್ ಮಾಡಿದ್ದನ್ನು ಮತ್ತೊಮ್ಮೆ ಕೇಳಿ ತಿದ್ದುವ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಬಂದು ಸಂಜೆ ಮನೆಗೆ ಹೋಗಬಹುದು. ನಮ್ಮಂಥವರಿಗೆ ಒಂದು ವಾರ ನಸುಕಿನ ಪಾಳಿ, ಮತ್ತೊಂದು ವಾರ ಕತ್ತಲಾದ ಮೇಲೂ ಮುಗಿಯದ ಪಾಳಿ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆ ಕೆ.ಆರ್. ಪುರದ ಬಾಡಿಗೆ ಮನೆಯಲ್ಲಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ, ಒಬ್ಬಳೇ ಇರಬೇಕು. ಆ ಜಾಗ ನನಗೆ ಬೇಕೇ ಬೇಕಿತ್ತು. ಆದರೆ ಆಯ್ಕೆಗೆ ಉಳಿದವರು ಇಬ್ಬರು, ನಾನು ಮತ್ತು ಅವಳು. ಕೆಲವು ತಿಂಗಳು ಒಬ್ಬರ ಫೈಲನ್ನು ಇನ್ನೊಬ್ಬರು ತಿದ್ದಿ, ಕೊನೆಗೆ ಯಾರು ಮೇಲೆಂದು ಸರ್ ಹೇಳುವುದು ಎಂದಾಯಿತು. ಸರ್ ಎಂದರೆ ನಮಗೆ ತರಬೇತಿ ಕೊಡುತ್ತಿದ್ದ ರಿಚರ್ಡ್ಸ್ ಟೌನಿನ ಹಿರಿಯರು, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು.

ಜಗಳ ಹುಟ್ಟಿದ್ದು ಒಂದು ಕ್ರಿಯಾಪದದಿಂದ. ಒಬ್ಬ ಮುದುಕ ಊಟವಾದ ಮೇಲೆ ಸಿಂಕಿನ ಮುಂದೆ ನಿಂತು ತಟ್ಟೆ ತೊಳೆಯುತ್ತಿದ್ದವನು 'ಕೀಲ್ಡ್ ಓವರ್' ಎಂದು ಡಾಕ್ಟರು ಹೇಳಿದ್ದರು. ನಾನು ಅದರ ಬದಲು 'ಫೆಲ್ ಡೌನ್' ಎಂದು ಟೈಪ್ ಮಾಡಿದೆ. ಆಸ್ಪತ್ರೆಯ ಕಾಗದದಲ್ಲಿ ಬೀದಿ ಮಾತು ಯಾಕೆ ಎಂಬುದು ನನ್ನ ವಿಚಾರ. ಅವಳು ಅದರ ಕೆಳಗೆ ಕೆಂಪು ಗೀಟು ಎಳೆದಳು. ಅಷ್ಟಕ್ಕೇ ಸುಮ್ಮನಿರದೆ ಸರ್ ಮುಂದೆ ಇಟ್ಟಳು.

"ಎರಡೂ ಬಿದ್ದದ್ದೇ ಅಲ್ವಾ ಸರ್? ಬಿದ್ರು ಅಂದ್ಮೇಲೆ ಬಿದ್ರು" ಎಂದೆ. ನನ್ನ ದನಿ ಏರಿತ್ತು.

"ಬಿದ್ದದ್ದು ಒಂದೇ ಅಮ್ಮ, ಬಿದ್ದ ಬಗೆ ಬೇರೆ" ಎಂದು ಸರ್ ಕನ್ನಡಕ ತೆಗೆದರು. ಕನ್ನಡಕ ತೆಗೆದರೆಂದರೆ ಪಾಠ ಶುರು. ಕೀಲ್ ಎನ್ನುವುದು ಹಡಗಿನ ತಳದ ಉದ್ದಕ್ಕೂ ಹೋಗುವ ತೊಲೆ, ಹಡಗಿನ ಬೆನ್ನೆಲುಬು. ಉತ್ತರದ ಕಡಲಿನ ಜನರ ಹಳೆಯ ಭಾಷೆಯಿಂದ ಇಂಗ್ಲಿಷಿಗೆ ಬಂದು ಸೇರಿದ್ದು. ಹಡಗು ಮಗುಚಿ, ಸದಾ ನೀರಿನಡಿಯಲ್ಲಿರಬೇಕಾದ ಆ ತೊಲೆ ಮೇಲಕ್ಕೆ ಬಂದರೆ ನಾವಿಕರು ಹಾಗೆನ್ನುತ್ತಿದ್ದರು. ಬರಬರುತ್ತ ಆ ಮಾತು ಹಡಗಿನಿಂದ ದಡಕ್ಕೆ ಇಳಿದು ಮನುಷ್ಯರಿಗೂ ಅಂಟಿಕೊಂಡಿತು. ಸರ್ ಇಷ್ಟು ಹೇಳಿ, "ಈಗ ಮನುಷ್ಯನಿಗೆ ಯಾಕೆ ಅಂಟಿತು ಹೇಳಿ ನೋಡೋಣ" ಎಂದು ನಮ್ಮಿಬ್ಬರನ್ನೂ ನೋಡಿದರು.

ನಾನು ಬಾಯಿ ತೆಗೆಯುವುದರೊಳಗೆ ಅವಳು ಹೇಳಿಬಿಟ್ಟಳು. "ಹಡಗು ಎಡವಲ್ಲ ಸರ್. ಅದು ಬಿದ್ರೆ ಅದರದೇ ತೂಕ ತಪ್ಪಿ ಬೀಳೋದು. ಆ ತಾತ ಜಾರಿದ್ದಲ್ಲ, ನಿಂತಲ್ಲೇ ಉರುಳ್ಕೊಂಡಿದ್ದು. ಜಾರಿದ್ರೆ ಮೂಳೆ ನೋಡ್ಬೇಕು, ಉರುಳಿದ್ರೆ ಹಾರ್ಟು, ಬಿಪಿ, ಶುಗರ್ ನೋಡ್ಬೇಕು. ಇವ್ಳು ಬರೆದಿದ್ದು ನೋಡಿದ್ರೆ ನೆಲ ಒದ್ದೆ ಇತ್ತೇನೋ ಅನ್ಸುತ್ತೆ."

ಸರ್ ಮುಖದಲ್ಲಿ ಅರಳಿದ ಆ ನಗು ನನಗೆ ಇವತ್ತಿಗೂ ನೆನಪಿದೆ. ಆ ನಗು ನನಗಾಗಿ ಒಂದು ಸಲವೂ ಅರಳಿರಲಿಲ್ಲ. ಹಲ್ಲು ಕಡಿದುಕೊಂಡು ಕುರ್ಚಿಗೆ ವಾಪಸ್ ಬಂದೆ.

ಮಧ್ಯಾಹ್ನ ಅವಳೇ ಬಂದು ಭುಜ ತಟ್ಟಿದಳು. "ಬಾರೆ, ತೋರಿಸ್ತೀನಿ" ಎಂದು ತನ್ನ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹಲಸೂರು ಕೆರೆಗೆ ಕರೆದುಕೊಂಡು ಹೋದಳು. ದಡದಲ್ಲಿ ಬಣ್ಣ ಬಳಿಯುವುದಕ್ಕೆಂದು ಒಂದು ದೋಣಿಯನ್ನು ಬೋರಲು ಹಾಕಿದ್ದರು. ತಳದಲ್ಲಿ ಮೂತಿಯಿಂದ ಬಾಲದವರೆಗೆ ಒಂದು ಉಬ್ಬು ಪಟ್ಟಿ. ಅವಳು ಅದರ ಮೇಲೆ ಕೈಯಾಡಿಸಿ, "ಇದೇ ಕಣೆ ಅದು. ಹೀಗೆ ಇದು ಮೇಲೆ ಬಂದ್ರೆ ಒಳಗಿರೋರು ಕೆಳಗೆ" ಎಂದಳು. ಕೆರೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಎಡವುವುದು, ಮುಗ್ಗರಿಸುವುದು, ಜಾರುವುದು ಎಲ್ಲಕ್ಕೂ ದೂರಲು ಕಲ್ಲೋ ಹೊಸ್ತಿಲೋ ಒಂದಿರುತ್ತದೆ. ಇದೊಂದು ಕ್ರಿಯಾಪದದಲ್ಲಿ ಮಾತ್ರ ನೆಲದ ತಪ್ಪಿಲ್ಲ, ತಪ್ಪೆಲ್ಲ ಒಳಗಿನದು. ನನಗೆ ಚೆನ್ನಾಗಿಯೇ ಅರ್ಥವಾಯಿತು. ಅರ್ಥವಾಯಿತೆಂದು ಅವಳಿಗೆ ತೋರಿಸಿಕೊಳ್ಳಲಿಲ್ಲ. "ಹೊತ್ತಾಯ್ತು, ನಡಿ" ಎಂದೆ.

ಮನೆಗೆ ಬಂದು ಅವ್ವನ ಮುಂದೆ ಕಾರಿಕೊಳ್ಳುವುದು ನನ್ನ ದಿನಚರಿಯಾಗಿತ್ತು. ಅವಳ ಹೆಸರೆತ್ತುವುದಕ್ಕೂ ನನಗೆ ಮನಸ್ಸಿರಲಿಲ್ಲ. "ಆಫೀಸಿನಾಗ ಒಬ್ಬಾಕಿ ಅದಾಳ" ಎಂದೇ ಶುರು ಮಾಡುತ್ತಿದ್ದೆ. ಆಕಿ ಹಿಂಗಂದಳು, ಆಕಿ ಹಂಗ ಮಾಡಿದಳು, ಆಕಿ ಇರೂತನಕ ನನಗ ಆ ಕೆಲಸ ಸಿಗಂಗಿಲ್ಲ. ಅವ್ವ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಳ್ಳುವಳು. "ಸಿಗತೈತಿ ಬಿಡವಾ. ಅಷ್ಟ್ಯಾಕ ಮನಸಿಗೆ ಹಚ್ಕೋತಿ" ಎಂದಷ್ಟೇ ಹೇಳಿ ನನ್ನ ತಾಟಿಗೆ ಬೆಣ್ಣೆ ಹಾಕುವಳು.

ಅವ್ವ ಬೀಳುವುದಕ್ಕೆ ಶುರುವಾದದ್ದು ಆ ದಿನಗಳಲ್ಲೇ. ಒಂದು ಸಂಜೆ ಬಂದು ನೋಡಿದರೆ ಮೊಣಕೈ ತರಚಿತ್ತು. "ಬಚ್ಚಲದಾಗ ಕಾಲು ಜಾರಿತು" ಎಂದಳು. ನಾನು ಬ್ಲೀಚಿಂಗ್ ಪುಡಿ ಹಾಕಿ ಬಚ್ಚಲು ತಿಕ್ಕಿದೆ. ಮತ್ತೊಂದು ಸಲ ಹಣೆ ಊದಿತ್ತು. ಹೊಸ್ತಿಲು ಎಡವಿದೆ ಎಂದಳು. ಹೊಸ್ತಿಲ ಪಕ್ಕ ನಾರಿನ ಮ್ಯಾಟು ತಂದು ಹಾಕಿದೆ. ಮ್ಯಾಟೇ ಕಾಲಿಗೆ ಸಿಕ್ಕಿತೆಂದು ಇನ್ನೊಂದು ಸಲ ಹೇಳಿದಾಗ, ಅದನ್ನು ಎತ್ತಿ ಹೊರಗೆಸೆದು ಹಿಡಿತ ಚೆನ್ನಾಗಿರುವ ರಬ್ಬರಿನ ಚಪ್ಪಲಿ ತಂದೆ. ಮನೆಯ ಮಾಲೀಕರ ಹತ್ತಿರ ಹೋಗಿ, ಇಷ್ಟು ನುಣುಪಾದ ನೆಲ ಹಾಕಿಸಿದ್ದೀರಲ್ಲ, ವಯಸ್ಸಾದವರು ಓಡಾಡುವುದು ಹೇಗೆ ಎಂದು ಜಗಳವನ್ನೂ ಆಡಿ ಬಂದೆ. ಅವ್ವನನ್ನೂ ಬೈದೆ. "ನೆಲ ನೋಡಿ ನಡಿಯಾಕ ಏನಾಗೇತಿ ನಿನಗ?"

ಒಂದು ಸೋಮವಾರ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಪಕ್ಕದ ಮನೆಯವರು ಆಫೀಸಿಗೆ ಫೋನು ಮಾಡಿದರು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವ್ವ ಬಿದ್ದಿದ್ದಾಳೆ, ಮಾತಾಡುತ್ತಿದ್ದಾಳೆ, ಆದರೆ ಏಳುವುದಕ್ಕೆ ಆಗುತ್ತಿಲ್ಲ ಎಂದರು. ಆಟೋಗೆ ಓಡೋಣವೆಂದು ಮೆಟ್ಟಿಲಿಳಿದರೆ ಅವಳು ಆಗಲೇ ಸ್ಕೂಟಿ ಸ್ಟಾರ್ಟ್ ಮಾಡಿ ನಿಂತಿದ್ದಳು. "ಹತ್ತು, ಟಿನ್ ಫ್ಯಾಕ್ಟರಿ ಹತ್ರ ಆಟೋ ಸಿಕ್ಕಾಕ್ಕೊಂಡ್ರೆ ಸಂಜೆ ಆಗುತ್ತೆ." ಬೇರೆ ದಾರಿ ಇರಲಿಲ್ಲ. ಹಳೇ ಮದ್ರಾಸ್ ರಸ್ತೆಯ ಲಾರಿಗಳ ಸಂದಿಯಲ್ಲಿ ಅವಳು ನುಗ್ಗಿದ ರೀತಿಗೆ ನಾನು ಕಣ್ಣು ಮುಚ್ಚಿಕೊಂಡು ಅವಳ ಸೊಂಟ ಹಿಡಿದು ಕೂತಿದ್ದೆ. ಅವ್ವನಿಗೆ ಏನಾಯಿತೋ ಎಂಬ ಭಯದ ನಡುವೆಯೂ, ಇವಳಿಗೆ ಗಾಡಿಯೂ ಎಷ್ಟು ಚೆನ್ನಾಗಿ ಬರುತ್ತದೆ ನೋಡು ಎಂದು ಒಳಗೊಳಗೇ ಉರಿದುಕೊಂಡೆ.

ಅವ್ವನನ್ನು ಪಕ್ಕದ ಮನೆಯವರು ಒಳಗೆ ತಂದು ಚಾಪೆಯ ಮೇಲೆ ಮಲಗಿಸಿದ್ದರು. ಮೈಯೆಲ್ಲ ಬೆವರಿ ಕುಪ್ಪಸ ತೊಯ್ದಿತ್ತು, ಕೈ ನಡುಗುತ್ತಿತ್ತು, ತುಟಿ ಬಿಳಚಿಕೊಂಡಿತ್ತು. "ಏನಿಲ್ಲವಾ, ಸೋಪಿನ ನೀರಿತ್ತು, ಜಾರಿತು" ಎಂದಳು. ನಾನು ಮತ್ತೆ ಶುರು ಮಾಡಿದೆ. ಎಷ್ಟು ಸಲ ಹೇಳಿದೆ, ಆ ಕಲ್ಲಿನ ಹತ್ತಿರ ಹೋಗಬೇಡ ಅಂತ.

ಅವಳು ನನ್ನ ಮಾತಿಗೆ ಕಿವಿಗೊಡಲೇ ಇಲ್ಲ. ಅವ್ವನ ಪಕ್ಕ ಕೂತು ಅವಳ ಅಂಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. "ಆಂಟಿ, ಬಿದ್ದ ಮೇಲೆ ಕಣ್ಣು ಕತ್ತಲೆ ಬಂತಾ, ಕತ್ತಲೆ ಬಂದ ಮೇಲೆ ಬಿದ್ರಾ?"

ಅವ್ವ ಮೊದಲು ನನ್ನ ಕಡೆ, ಆಮೇಲೆ ಅವಳ ಕಡೆ ನೋಡಿದಳು.

ಅವಳು ಅಡುಗೆಮನೆಗೆ ಹೋಗಿ ಒಂದು ಲೋಟ ನೀರಿಗೆ ಸಕ್ಕರೆ ಕದಡಿ ತಂದಳು. ಅವ್ವ ತುಟಿ ಬಿಗಿದುಕೊಂಡು ತಲೆಯಾಡಿಸಿದಳು. ಶುಗರ್ ಇರುವವರಿಗೆ ಸಕ್ಕರೆ ನೀರು ಕೊಡುತ್ತೀಯಲ್ಲ, ಬುದ್ಧಿ ಇದೆಯಾ ಎಂದು ನಾನು ರೇಗಿದೆ. ಅವಳು ತಿರುಗಿಯೂ ನೋಡಲಿಲ್ಲ. ಅವ್ವನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದಳು.

"ಇವತ್ತು ರೋಜಾನಾ ಆಂಟಿ?"

ರೋಜಾ ಎಂದರೆ ಅವರ ಉಪವಾಸ. ಅವ್ವನಿಗೆ ಆ ಪದ ಗೊತ್ತಿತ್ತೋ ಇಲ್ಲವೋ, ಕೇಳಿದ ದನಿ ಅರ್ಥವಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡು "ಹೂಂ" ಎಂದಳು. ಅವಳು ಲೋಟವನ್ನು ಅವ್ವನ ಬಾಯಿಗೆ ಹಿಡಿದು, "ದೇವ್ರು ಏನೂ ಅನ್ಕೊಳಲ್ಲ, ಕುಡೀರಿ" ಎಂದಳು. ಅವ್ವ ಮಗುವಿನ ಹಾಗೆ ಗಟಗಟ ಕುಡಿದಳು. ನಾನು ಎಷ್ಟು ವರ್ಷದಿಂದ ಹೇಳಿದರೂ ಒಂದು ಮಾತು ಕೇಳದ ಅವ್ವ.

ಆಮೇಲೆ ನನಗೆ ಇಷ್ಟು ತಿಳಿಯಿತು. ಸಕ್ಕರೆ ಕಾಯಿಲೆ ಬಂದ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದು ಡಾಕ್ಟರು ಹೇಳಿದ್ದಕ್ಕೆ ಅವ್ವ ಸೋಮವಾರದ ಒಪ್ಪತ್ತು ಬಿಟ್ಟಿದ್ದಳು. ಬಿಟ್ಟಿದ್ದಾಳೆಂದೇ ನಾನೂ ತಿಳಿದಿದ್ದೆ. ಆದರೆ ಅವಳು ನನಗೆ ಗೊತ್ತಾಗದ ಹಾಗೆ ಮತ್ತೆ ಹಿಡಿದಿದ್ದಳು. ನನ್ನ ಡಬ್ಬಿ ಕಟ್ಟಿ ಕಳಿಸಿ, ಸಂಜೆ ದೀಪ ಹಚ್ಚುವ ತನಕ ಬಾಯಿಗೆ ಏನೂ ಹಾಕುತ್ತಿರಲಿಲ್ಲ, ಮಾತ್ರೆಯೊಂದನ್ನು ಬಿಟ್ಟು. ಮಾತ್ರೆ ಊಟವಲ್ಲವಲ್ಲ, ಔಷಧಿಗೆ ಉಪವಾಸದ ಅಡ್ಡಿಯಿಲ್ಲ ಎಂದು ಬೆಳಿಗ್ಗೆ ತಪ್ಪದೆ ನುಂಗುತ್ತಿದ್ದಳು. ಖಾಲಿ ಹೊಟ್ಟೆಗೆ ಬಿದ್ದ ಆ ಮಾತ್ರೆ ಮೈಯಲ್ಲಿದ್ದ ಸಕ್ಕರೆಯನ್ನೂ ಇಳಿಸಿ, ಮಧ್ಯಾಹ್ನದ ಹೊತ್ತಿಗೆ ಅವಳನ್ನು ಉರುಳಿಸುತ್ತಿತ್ತು. ಬಿದ್ದದ್ದೆಲ್ಲ ಸೋಮವಾರವೇ. ನೆಲ ತಿಕ್ಕಿ, ಚಪ್ಪಲಿ ತಂದು, ಮಾಲೀಕರೊಂದಿಗೆ ಜಗಳವಾಡಿದ ನನಗೆ ವಾರದ ಕಡೆ ಲಕ್ಷ್ಯ ಹೋಗಿರಲಿಲ್ಲ.

ಅವಳಿಗೆ ಹೇಗೆ ಹೊಳೆಯಿತು ಎಂದು ಆಮೇಲೆ ಕೇಳಿದೆ. "ನಮ್ ನಾನಿ, ನಮ್ಮಜ್ಜಿ, ಹಿಂಗೇ ಬಿದ್ದಿದ್ರು, ಶುಗರ್ ಬಂದ ವರ್ಷ ಮೊದಲ್ನೇ ರೋಜಾದಲ್ಲಿ. ಅದಾದ್ಮೇಲೆ ರಂಜಾನ್ ಮುಂಚೆ ಎಲ್ರೂ ಡಾಕ್ಟರ್ ಹತ್ರ ಹೋಗಿ ಮಾತ್ರೆ ಟೈಮ್ ಬದಲಾಯಿಸ್ಕೋತಾರೆ. ನಮ್ ಕಡೆ ಎಲ್ರ ಮನೇಲೂ ಇದು ಗೊತ್ತು. ನಿಮ್ಮಲ್ಲಿ ಕೇಳಲ್ವಾ?" ಎಂದಳು. ನಮ್ಮಲ್ಲಿ ಕೇಳುವುದಿಲ್ಲ. ಒಪ್ಪತ್ತೆಂದರೆ ಅಷ್ಟರಮಟ್ಟಿಗೆ ಮನೆಯ ಹೆಂಗಸರ ಖಾಸಗಿ ವಿಚಾರ, ಡಾಕ್ಟರಿಗೆ ಹೇಳುವಂಥದ್ದೆಂದು ಯಾರಿಗೂ ತೋಚುವುದಿಲ್ಲ.

ಆವತ್ತು ಅವ್ವ ಸ್ವಲ್ಪ ಸುಧಾರಿಸಿದ ಮೇಲೆ ನಾನು ಡಾಕ್ಟರನ್ನು ಕರೆಯಲು ಮೂಲೆಯ ಕ್ಲಿನಿಕ್ಕಿಗೆ ಓಡಿದೆ. ಅವರು ಐದು ನಿಮಿಷದಲ್ಲಿ ಬರುತ್ತೇನೆಂದರು. ವಾಪಸ್ ಬಂದು ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಅವ್ವನ ದನಿ ಕೇಳಿಸಿತು.

"ಹದಿನಾರು ಸೋಮವಾರದ ಹರಕಿ ಹೊತ್ತೀನಿ ತಂಗಿ. ನಮ್ಮಾಕಿಗೆ ಆಫೀಸಿನಾಗ ಆ ಎಡಿಟರ್ ಕೆಲಸ ಸಿಗಲಿ ಅಂತ. ಯಾರೋ ಒಬ್ಬಾಕಿ ಅಡ್ಡ ಬಂದಾಳಂತ, ಆಕಿ ಭಾಳ ಶ್ಯಾಣ್ಯಾ ಅಂತ. ದಿನಾ ಬಂದು ಅಳತಾಳ. ನನ್ನ ಕೈಯಾಗ ಇನ್ನೇನೈತಿ? ನಮ್ಮಾಕಿಗೆ ಹೇಳಬ್ಯಾಡ ಮತ್ತ, ಬೈತಾಳ."

ನಾನು ಅಲ್ಲೇ ನಿಂತೆ. ಒಂದು ಚಪ್ಪಲಿ ಕಾಲಲ್ಲೇ ಇತ್ತು.

ಅವಳು ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, "ನಿಮ್ ಮಗಳಿಗೇ ಸಿಗ್ಲಿ ಆಂಟಿ. ಹರಕೆ ಬಿಡೋಕಾಗಲ್ಲ ಅಂದ್ರೆ ಬೇಡ, ಮಾತ್ರೆ ಯಾವಾಗ ತಗೋಬೇಕು ಅಂತ ಡಾಕ್ಟರ್‌ನ ಕೇಳೋಣ" ಎಂದಳು. ಅಡ್ಡ ಬಂದವಳು ತಾನೇ ಎಂದು ಹೇಳಲಿಲ್ಲ. ಡಾಕ್ಟರು ಬಂದು ಬೆರಳು ಚುಚ್ಚಿ ನೋಡಿ, ಇಂಥ ದಿನ ಬೆಳಗಿನ ಮಾತ್ರೆ ಬೇಡ, ರಾತ್ರಿ ಊಟದ ಜೊತೆಗೆ ಎಂದು ಹೇಳಿ, ನಡುವೆ ಹಾಲು ಹಣ್ಣು ತೆಗೆದುಕೊಳ್ಳದಿದ್ದರೆ ಹರಕೆಯೂ ಬೇಡವೆಂದು ಗದರಿದರು. ಅದಕ್ಕೂ ಅವ್ವ ಒಪ್ಪಿದ್ದು ಅವಳ ಮುಖ ನೋಡಿಯೇ.

ಅವ್ವ ನನಗೋಸ್ಕರ ಹಸಿದುಕೊಂಡಿದ್ದಳು ಎನ್ನುವುದು ಕರುಳು ಹಿಂಡಿದ್ದು ನಿಜ. ಆದರೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. ನಾನು ಹೊಟ್ಟೆಯಲ್ಲಿ ಹುಟ್ಟಿದ ಮಗಳು, ನನಗೆ ಸೋಪಿನ ನೀರಿನ ಕತೆ. ಅರ್ಧ ಗಂಟೆಯ ಹಿಂದೆ ಹೊಸ್ತಿಲು ದಾಟಿ ಬಂದವಳಿಗೆ ನಿಜ. ಅವಳು ಹೋದ ಮೇಲೆ ಅವ್ವ, "ಎಷ್ಟು ಚಂದ ಹುಡುಗಿ ಐತವಾ, ಎಷ್ಟು ಸಮಾಧಾನ" ಎಂದಳು. ನನಗೆ ತಡೆಯಲಾಗಲಿಲ್ಲ.

"ಆಕೀನ ನಿನ್ನ ಅಡ್ಡ ಬಂದಾಕಿ" ಎಂದೆ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಉಳಿದ ಸೋಮವಾರಗಳನ್ನು ಅವ್ವ ಬಿಡಲಿಲ್ಲ. ಬೆಳಿಗ್ಗೆ ಮಾತ್ರೆ ಇಲ್ಲ, ಮಧ್ಯಾಹ್ನ ಒಂದು ಲೋಟ ಹಾಲು, ಬಾಳೆಹಣ್ಣು. ಸೋಮವಾರ ಬಂದರೆ ಅವಳು ಆಫೀಸಿನಿಂದ ಪಕ್ಕದ ಮನೆಗೆ ಫೋನು ಮಾಡಿ ಅವ್ವನನ್ನು ಕರೆಸುವಳು. "ಹಾಲು ಕುಡಿದ್ರಾ ಆಂಟಿ?" ಎಂದು ಶುರುವಾದದ್ದು ಎಲ್ಲೆಲ್ಲಿಗೋ ಹೋಗುತ್ತಿತ್ತು. ನಾನು ಪಕ್ಕದಲ್ಲೇ ಪೆಡಲ್ ತುಳಿಯುತ್ತ, ಹೆಡ್‌ಫೋನಿನ ಒಂದು ಕಿವಿ ಸರಿಸಿ ಕೇಳಿಸಿಕೊಳ್ಳುವೆ. ಅವಳು ನಗುತ್ತಿದ್ದರೆ ಅವ್ವ ಏನು ಹೇಳಿ ನಗಿಸಿದಳೋ ಎಂದು ತಲೆ ಕೆಡುತ್ತಿತ್ತು. "ತಗೋ, ಮಾತಾಡು" ಎಂದು ಅವಳು ಫೋನು ನನಗೆ ಕೊಟ್ಟರೆ, ಅವ್ವ "ಏನಿಲ್ಲವಾ, ಇಡ್ತೀನಿ" ಎನ್ನುವಳು.

ಹರಕೆಯ ಕೊನೆಯ ಸೋಮವಾರ ಕಳೆದು ಎರಡು ದಿನಕ್ಕೆ ಸರ್ ನಮ್ಮಿಬ್ಬರನ್ನೂ ಕರೆದರು. ಎಡಿಟರ್ ಅವಳೇ.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಅವ್ವ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಚೀಲ ಬಿಸಾಕಿ ಅವಳ ಮುಂದೆ ಹೋಗಿ ನಿಂತೆ. "ಆಕಿಗೆ ಕೊಟ್ಟರು. ಎಷ್ಟು ಸೋಮವಾರ ಉಪವಾಸ ಬಿದ್ದಿ, ತಲಿ ಒಡಕೊಂಡಿ. ಏನ್ ಮಾಡಿದ ನಿನ್ನ ಶಿವ?"

ಅವ್ವ ತಲೆ ಎತ್ತಲಿಲ್ಲ. "ನಾ ಬೇಡಿದ್ದು ಕೊಟ್ಟಾನ" ಎಂದಳು.

"ಏನ್ ಬೇಡಿದ್ದಿ?"

"ಮೊದಲು ನಿನಗ ಕೊಡು ಅಂತನ ಬೇಡತಿದ್ದೆ. ಆ ಹುಡುಗಿ ಮಾರಿ ನೋಡಿದ ಮ್ಯಾಲ ಆಕಿಗೆ ಬ್ಯಾಡ ಅಂತ ಹೆಂಗ ಬೇಡಲಿ? ಇಬ್ಬರೊಳಗ ಯಾರಿಗರೆ ಒಬ್ಬರಿಗೆ ಕೊಡು ಅಂದೆ."

ನನ್ನ ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ಕುರ್ಚಿ ಹೋಯಿತು, ಸರಿ. ಸರ್ ನಗು ಹೋಯಿತು, ಸರಿ. ಈಗ ಅವ್ವನ ಹರಕೆಯಲ್ಲೂ ಅವಳಿಗೆ ಪಾಲು. "ನನ್ನ ಅವ್ವ ಆಗಿ ನನಗಽ ಕೊಡು ಅಂತ ಬೇಡಾಕ ಆಗಲಿಲ್ಲೇನ ನಿನಗ?" ಎಂದು ಕೂಗಿದೆ. ಪಕ್ಕದ ಮನೆಯವರು ಕಿಟಕಿಗೆ ಬಂದು ನೋಡಿದರು.

ಅವ್ವ ಕೈಯಲ್ಲಿದ್ದ ತಾಟನ್ನು ಬೋರಲು ಹಾಕಿ, ಕೈ ಒರೆಸಿಕೊಂಡು, ನನ್ನ ಮುಖವನ್ನು ಸರಿಯಾಗಿ ನೋಡಿದಳು.

"ನಿನಗ ಬೇಡಾಕ ನಾ ಅದೀನಿ. ಆಕಿಗೆ ಯಾರದಾರ? ಎರಡು ವರ್ಷದ ಕೂಸಿದ್ದಾಗ ಅವ್ವ ಸತ್ತಾಳಂತ. ಅಜ್ಜಿ ಒಬ್ಬಾಕಿ, ಆಕಿಗೂ ಕಣ್ಣು ಕಾಣಂಗಿಲ್ಲ. ನಿನಗ ಹೇಳಿಲ್ಲೇನು ಆಕಿ?"

ಹೇಳಿರಲಿಲ್ಲ. ಅಷ್ಟು ದಿನ ಪಕ್ಕದ ಕುರ್ಚಿಯಲ್ಲಿ ಕೂತು ಅವಳ ಚೂಡಿದಾರದ ಗೆರೆ, ಕಾಲಿನ ಓಟ, ಕೆಂಪು ಗೀಟು ಎಲ್ಲವನ್ನೂ ಅಳೆದಿದ್ದ ನನಗೆ ಅದು ಗೊತ್ತಿರಲಿಲ್ಲ. ಅವ್ವ ಒಳಗೆ ಹೋಗಿ ತಾಟು ಹಾಕಿದಳು. ನಾನು ಬಹಳ ಹೊತ್ತು ಹಿತ್ತಲಲ್ಲೇ ನಿಂತಿದ್ದು, ಹಸಿವಾದ ಮೇಲೆ ಒಳಗೆ ಹೋಗಿ ಉಂಡೆ.

ಹೊಟ್ಟೆಕಿಚ್ಚು ಅಲ್ಲಿಗೆ ಆರಿತು ಎಂದರೆ ಸುಳ್ಳಾದೀತು. ಅವ್ವ ಈಗಲೂ ಸಂಜೆ ದೀಪ ಹಚ್ಚಿ, ಕಣ್ಣು ಮುಚ್ಚಿ, ತುಟಿಯಲ್ಲೇ ಎರಡು ಹೆಸರು ಹೇಳುತ್ತಾಳೆ. ಯಾವುದು ಮೊದಲು ಬರುತ್ತದೆ ಎಂದು ನಾನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತೇನೆ.